ಕೈದಿಗೆ ಒಂದು ವರ್ಷದ ಗಡುವು

ಕೋರ್ಟಿನ ವ್ಯವಹಾರದಲ್ಲಿ ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆ ನಮ್ಮಲ್ಲಿದೆ. ನ್ಯಾಯ ಬಲು ತಡವಾಗಿ ಸಿಗುತ್ತದೆ ಎಂಬ ದೂರು ಈ ಗಾದೆಯ ಬೆನ್ನಿಗೇ ಇದೆ. ಆದರೆ ನ್ಯಾಯ ಕೇಳುವವನೇ ತಡವಾಗಿ ಬಂದರೆ ಏನು ಮಾಡಬೇಕು? ಅದೂ ಆತ ಸೆರೆಮನೆಯೊಳಗಿದ್ದು, ವಕೀಲರನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲದವನಾಗಿದ್ದರೆ? ಅಮೆರಿಕದ ನ್ಯಾಯಾಲಯಗಳು 1996ರಿಂದ ಈ ಪ್ರಶ್ನೆಯ ಜೊತೆ ಸೆಣಸುತ್ತಿವೆ.

ಓಹಾಯೊ ರಾಜ್ಯದ ಕೀತ್ ಬೌಲ್ಸ್ ಎಂಬ ಕೈದಿಯ ಪ್ರಕರಣವನ್ನೇ ನೋಡಿ. ಕೊಲೆಯ ಆರೋಪದಲ್ಲಿ ಶಿಕ್ಷೆಯಾಗಿದ್ದ ಅವನ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಫೆಡರಲ್ ಜಿಲ್ಲಾ ನ್ಯಾಯಾಲಯ ತಳ್ಳಿಹಾಕಿತು. ಮೇಲ್ಮನವಿ ಸಲ್ಲಿಸಲು ಇದ್ದ 30 ದಿನಗಳು ಕಳೆದುಹೋದವು. ಇನ್ನೊಂದು ಅವಕಾಶ ಕೊಡಬೇಕೆಂಬ ಕೋರಿಕೆಗೆ 2004ರಲ್ಲಿ ನ್ಯಾಯಾಧೀಶರು ಒಪ್ಪಿದರು. ಫೆಬ್ರುವರಿ 27ರೊಳಗೆ ಮೇಲ್ಮನವಿ ಸಲ್ಲಿಸಬಹುದೆಂದು ಆದೇಶವನ್ನೂ ಬರೆದರು. ಮೇಲ್ಮನವಿ 26ರಂದೇ ಸಲ್ಲಿಕೆಯಾಯಿತು. ಅಲ್ಲಿಗೆ ಎಲ್ಲವೂ ಸರಿಯಾಗಿದೆ ಎಂದೇ ಯಾರಾದರೂ ಭಾವಿಸಿಯಾರು. ಆದರೆ ಕಾನೂನಿನ ಪ್ರಕಾರ ನ್ಯಾಯಾಧೀಶರು ಕೊಡಬಹುದಾಗಿದ್ದುದು 14 ದಿನ. ಅವರು ಕೊಟ್ಟದ್ದು 17 ದಿನ. ಕಾನೂನಿನ ಲೆಕ್ಕದ ಗಡುವು 24ಕ್ಕೇ ಮುಗಿದಿತ್ತು. ನ್ಯಾಯಾಧೀಶರ ಆದೇಶವನ್ನು ನಂಬಿ ನಡೆದವನ ಮೇಲ್ಮನವಿ ಎರಡು ದಿನ ತಡವಾಗಿದೆ ಎಂದು 2007ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ನ್ಯಾಯಾಲಯವೇ ತಪ್ಪು ದಾರಿ ತೋರಿಸಿ, ಆ ದಾರಿಯಲ್ಲಿ ಬಂದವನನ್ನು ಹೊರಗೆ ನಿಲ್ಲಿಸುವುದು ಸಲ್ಲದೆಂದು ಭಿನ್ನಮತದ ನ್ಯಾಯಮೂರ್ತಿಗಳು ಕಟುವಾಗಿಯೇ ಬರೆದರು. ಆದರೆ ಭಿನ್ನಮತದಿಂದ ಬಾಗಿಲು ತೆರೆಯುವುದಿಲ್ಲ.

ಈ ವಿಚಿತ್ರ ಸ್ಥಿತಿ ಬಂದದ್ದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಳೆಯ ಅಸ್ತ್ರ, ಹೊಸ ಬಳಕೆ

ಹೇಬಿಯಸ್ ಕಾರ್ಪಸ್ ಎಂಬ ಲ್ಯಾಟಿನ್ ಮಾತಿನ ಅರ್ಥ ‘ದೇಹವನ್ನು ಹಾಜರುಪಡಿಸು’ ಎಂದು. ನಮ್ಮ ಕಾನೂನು ಪುಸ್ತಕಗಳಲ್ಲಿ ಇದಕ್ಕೆ ‘ಬಂದೀ ಪ್ರತ್ಯಕ್ಷೀಕರಣ’ ಎಂಬ ಹೆಸರಿದೆ. ಒಬ್ಬನನ್ನು ಹಿಡಿದಿಟ್ಟವರು ಅವನನ್ನು ನ್ಯಾಯಾಧೀಶರ ಮುಂದೆ ತಂದು ನಿಲ್ಲಿಸಿ, ಯಾವ ಕಾನೂನಿನ ಬಲದಿಂದ ಹಿಡಿದಿಟ್ಟಿದ್ದೇವೆ ಎಂದು ಹೇಳಬೇಕು. ಹೇಳಲಾಗದಿದ್ದರೆ ಬಿಡಬೇಕು. ಇಂಗ್ಲೆಂಡಿನ ಪಾರ್ಲಿಮೆಂಟು 1679ರಲ್ಲಿ ಇದಕ್ಕೊಂದು ಕಾಯಿದೆಯ ಗಟ್ಟಿ ರೂಪ ಕೊಟ್ಟಿತು. ಅಮೆರಿಕದ ಸಂವಿಧಾನ ರಚಿಸಿದವರು ಇದನ್ನು ಸಂವಿಧಾನದ ಮೊದಲನೆಯ ಅನುಚ್ಛೇದದಲ್ಲೇ ಸೇರಿಸಿದರು. ದಂಗೆ ಅಥವಾ ಪರರ ದಾಳಿಯ ಸಂದರ್ಭದಲ್ಲಿ ಸಾರ್ವಜನಿಕ ಸುರಕ್ಷತೆಗೆ ಅಗತ್ಯವಾದರೆ ಹೊರತು ಈ ಹಕ್ಕನ್ನು ಅಮಾನತಿನಲ್ಲಿ ಇಡುವಂತಿಲ್ಲ.

ನಮ್ಮ ದೇಶದಲ್ಲಿ ಹೇಬಿಯಸ್ ಕಾರ್ಪಸ್ ಎಂದೊಡನೆ ನೆನಪಿಗೆ ಬರುವುದು ಪೊಲೀಸರು ಕರೆದೊಯ್ದ ಮೇಲೆ ಕಾಣೆಯಾದವರು, ವಿಚಾರಣೆಯಿಲ್ಲದೆ ಬಂಧನದಲ್ಲಿರುವವರು, ಇಲ್ಲವೇ ತುರ್ತು ಪರಿಸ್ಥಿತಿ. 1975ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೊದಲಾದವರು ಕರ್ನಾಟಕ ಹೈಕೋರ್ಟಿಗೆ ಇಂಥದೇ ಅರ್ಜಿ ಹಾಕಿದ್ದರು. ಮರುವರ್ಷ ಎಡಿಎಂ ಜಬಲ್‌ಪುರ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ತುರ್ತು ಪರಿಸ್ಥಿತಿಯಲ್ಲಿ ಬಂಧಿತರಿಗೆ ಆ ಬಾಗಿಲು ಇಲ್ಲವೆಂದು ತೀರ್ಪಿತ್ತದ್ದೂ, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಅದನ್ನು ಒಪ್ಪದೆ ನಿಂತದ್ದೂ ಈಗ ಚರಿತ್ರೆ. ಆ ತೀರ್ಪನ್ನು ಸುಪ್ರೀಂ ಕೋರ್ಟ್ 2017ರಲ್ಲಿ ತಳ್ಳಿಹಾಕಿತು. ಅದು ನಡೆದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಮೊಕದ್ದಮೆಯಲ್ಲಿ.

ಅಮೆರಿಕದಲ್ಲಿ ಇದೇ ಅಸ್ತ್ರಕ್ಕೆ ಇನ್ನೊಂದು ದೊಡ್ಡ ಬಳಕೆ ಇದೆ. ಅಲ್ಲಿ ಎರಡು ಬಗೆಯ ನ್ಯಾಯಾಲಯಗಳು. ಕೊಲೆ, ದರೋಡೆಯಂಥ ಬಹುತೇಕ ಅಪರಾಧಗಳ ವಿಚಾರಣೆ ನಡೆಯುವುದು ಆಯಾ ರಾಜ್ಯದ ನ್ಯಾಯಾಲಯಗಳಲ್ಲಿ. ಮೇಲ್ಮನವಿಯೂ ರಾಜ್ಯದ ಸುಪ್ರೀಂ ಕೋರ್ಟಿಗೇ. ಫೆಡರಲ್ ನ್ಯಾಯಾಲಯಗಳು, ಅಂದರೆ ಕೇಂದ್ರದ ನ್ಯಾಯಾಲಯಗಳು, ಬೇರೆಯೇ ಸಾಲು. ರಾಜ್ಯದ ವಿಚಾರಣೆಯಲ್ಲಿ ತನ್ನ ಸಂವಿಧಾನದತ್ತ ಹಕ್ಕಿಗೆ ಭಂಗ ಬಂದಿದೆ ಎನ್ನುವ ಕೈದಿ, ರಾಜ್ಯದ ಬಾಗಿಲುಗಳನ್ನೆಲ್ಲ ತಟ್ಟಿಯಾದ ಮೇಲೆ, ಹೇಬಿಯಸ್ ಕಾರ್ಪಸ್ ಮೂಲಕ ಫೆಡರಲ್ ನ್ಯಾಯಾಲಯಕ್ಕೆ ಬರಬಹುದು.

ಈ ಬಾಗಿಲು ತೆರೆದದ್ದು ಅಂತರ್ಯುದ್ಧ ಮುಗಿದ ಮೇಲೆ, 1867ರ ಕಾಯಿದೆಯಿಂದ. ಅದರ ಬೆಲೆ ಎಷ್ಟೆಂಬುದು ತಿಳಿದದ್ದು 1923ರಲ್ಲಿ. ಅರ್ಕನ್ಸಾ ರಾಜ್ಯದ ಎಲೇನ್ ಎಂಬಲ್ಲಿ 1919ರಲ್ಲಿ ನಡೆದ ಗಲಭೆಯ ನಂತರ ಹನ್ನೆರಡು ಮಂದಿ ಕರಿಯರಿಗೆ ಮರಣದಂಡನೆ ವಿಧಿಸಲಾಗಿತ್ತು. ನ್ಯಾಯಾಲಯದ ಸುತ್ತ ಉದ್ರಿಕ್ತ ಗುಂಪು. ವಿಚಾರಣೆ ಮುಕ್ಕಾಲು ಗಂಟೆ. ಜ್ಯೂರಿಯ ತೀರ್ಮಾನಕ್ಕೆ ಐದು ನಿಮಿಷವೂ ಬೇಕಾಗಲಿಲ್ಲ. ಅವರಲ್ಲಿ ಆರು ಮಂದಿಯ ಹೇಬಿಯಸ್ ಅರ್ಜಿ ಸುಪ್ರೀಂ ಕೋರ್ಟಿಗೆ ಬಂದಾಗ ನ್ಯಾಯಮೂರ್ತಿ ಹೋಮ್ಸ್, ಗುಂಪಿನ ಭಯದಲ್ಲಿ ನಡೆದ ವಿಚಾರಣೆ ವಿಚಾರಣೆಯ ವೇಷ ಮಾತ್ರ, ಫೆಡರಲ್ ನ್ಯಾಯಾಲಯ ಅದನ್ನು ಕಂಡೂ ಕಾಣದಂತೆ ಇರಲಾಗದು ಎಂಬರ್ಥದ ತೀರ್ಪು ಬರೆದರು. ಮುಂದೆ 1953 ಮತ್ತು 1963ರ ತೀರ್ಪುಗಳು ಈ ಬಾಗಿಲನ್ನು ಇನ್ನಷ್ಟು ಅಗಲ ಮಾಡಿದವು.

ಗಡುವು ಏಕೆ ಬಂತು?

ಗಮನಿಸಬೇಕಾದ ಸಂಗತಿಯೆಂದರೆ, ಇಷ್ಟು ಕಾಲವೂ ಇಂಥ ಅರ್ಜಿಗೆ ನಿಗದಿತ ಗಡುವು ಇರಲೇ ಇಲ್ಲ. ಕೈದಿಯ ವಿಳಂಬದಿಂದ ಸರಕಾರದ ಉತ್ತರಕ್ಕೆ ತೊಂದರೆಯಾಗಿದ್ದರೆ ಅರ್ಜಿ ತಳ್ಳಿಹಾಕಬಹುದೆಂಬ ನಿಯಮವಿತ್ತು, ಅಷ್ಟೆ. ಅಕ್ರಮವಾಗಿ ಕೂಡಿಹಾಕಿದ್ದಾರೆ ಎನ್ನುವವನಿಗೆ, ಕೂಡಿಹಾಕಿರುವಷ್ಟು ಕಾಲವೂ ಆ ಮಾತು ಹೇಳುವ ಹಕ್ಕಿರಬೇಕು ಎಂಬುದು ಇದರ ಹಿಂದಿದ್ದ ತರ್ಕ.

ಇದಕ್ಕೆ ವಿರುದ್ಧವಾದ ವಾದವೂ ಹಗುರವಾದುದಲ್ಲ. ಒಂದು ಮೊಕದ್ದಮೆ ಎಂದಾದರೂ ಮುಗಿಯಲೇಬೇಕಲ್ಲವೇ? ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಮರುವಿಚಾರಣೆ ಎಂದರೆ ಸಾಕ್ಷಿಗಳು ಸತ್ತಿರುತ್ತಾರೆ, ಉಳಿದವರ ನೆನಪು ಮಾಸಿರುತ್ತದೆ, ಕಡತಗಳು ಎಲ್ಲೋ ಸೇರಿರುತ್ತವೆ. ಕೊಲೆಯಾದವನ ಹೆಂಡತಿ ಮಕ್ಕಳು ಪ್ರತಿ ಅರ್ಜಿಗೂ ಹಳೆಯ ಗಾಯವನ್ನು ಮತ್ತೆ ಕೆದಕಿಸಿಕೊಳ್ಳಬೇಕು. ಮರಣದಂಡನೆಗೆ ಗುರಿಯಾದವರಿಗಂತೂ ವಿಳಂಬವೇ ಲಾಭ. ರಾಜ್ಯದ ನ್ಯಾಯಾಧೀಶರೂ ಸಂವಿಧಾನಕ್ಕೆ ಪ್ರಮಾಣ ಮಾಡಿದವರೇ. ಅವರ ತೀರ್ಪಿನ ಮೇಲೆ ಫೆಡರಲ್ ನ್ಯಾಯಾಧೀಶರು ಎಂದೆಂದಿಗೂ ಕಣ್ಣಿಟ್ಟಿರಬೇಕೇ? ಹೀಗೆ ಕೇಳುವವರ ದನಿ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಬಲವಾಯಿತು. ನಿವೃತ್ತ ನ್ಯಾಯಮೂರ್ತಿ ಲೂಯಿಸ್ ಪೊವೆಲ್ ನೇತೃತ್ವದ ಸಮಿತಿ 1989ರಲ್ಲಿ ಮರಣದಂಡನೆಯ ಪ್ರಕರಣಗಳಿಗೆ ಆರು ತಿಂಗಳ ಗಡುವು ಸೂಚಿಸಿತು. ಆದರೆ ಅದರಲ್ಲಿ ಕೊಡುಕೊಳ್ಳುವಿಕೆ ಇತ್ತು: ಗಡುವಿನ ಲಾಭ ಬೇಕಾದ ರಾಜ್ಯ ಕೈದಿಗೆ ಸಮರ್ಥ ವಕೀಲರನ್ನು ಒದಗಿಸಬೇಕು.

ಸಮಿತಿಯ ವರದಿಯಿಂದ ಆಗದ ಕೆಲಸ ಒಂದು ಬಾಂಬಿನಿಂದ ಆಯಿತು. 1995ರ ಏಪ್ರಿಲ್ 19ರಂದು ಓಕ್ಲಹೋಮಾ ನಗರದ ಫೆಡರಲ್ ಕಟ್ಟಡವೊಂದು ಸ್ಫೋಟಕ್ಕೆ ಸಿಕ್ಕಿ 168 ಜನ ಸತ್ತರು. ದೇಶದ ಸಿಟ್ಟು ಕಾಯಿದೆಯ ರೂಪ ಪಡೆಯಿತು. ಅಧ್ಯಕ್ಷ ಬಿಲ್ ಕ್ಲಿಂಟನ್ 1996ರ ಏಪ್ರಿಲ್ 24ರಂದು ಸಹಿ ಮಾಡಿದ ಆ ಕಾಯಿದೆಯ ಹೆಸರಿನಲ್ಲೇ ‘ಭಯೋತ್ಪಾದನೆ’ ಮತ್ತು ‘ಪರಿಣಾಮಕಾರಿ ಮರಣದಂಡನೆ’ ಎಂಬ ಎರಡೂ ಮಾತುಗಳಿವೆ. ಭಯೋತ್ಪಾದನೆಗೂ ಮರಣದಂಡನೆಗೂ ಸಂಬಂಧವೇ ಇಲ್ಲದ, ಕಳ್ಳತನಕ್ಕೋ ಹೊಡೆದಾಟಕ್ಕೋ ಸೆರೆಮನೆ ಸೇರಿದ ಸಾವಿರಾರು ಸಾಮಾನ್ಯ ಕೈದಿಗಳಿಗೂ ಆ ಕಾಯಿದೆಯ ಗಡುವು ಅನ್ವಯಿಸಿತು. ಅದು ಒಂದು ವರ್ಷ. ಹಳೆಯ ಶಿಕ್ಷೆಗಳಿಗೆ ಮೇಲ್ಮನವಿ ನ್ಯಾಯಾಲಯಗಳು 1997ರ ಏಪ್ರಿಲ್‌ವರೆಗೆ ರಿಯಾಯಿತಿ ಕೊಟ್ಟವು. ಅಲ್ಲಿಂದಾಚೆಗೆ ಗಡುವು ಗಡುವೇ.

ದಿನ ಎಣಿಸುವ ಕಷ್ಟ

ಒಂದು ವರ್ಷವೆಂದರೆ 365 ದಿನ, ಇದರಲ್ಲೇನು ಕಷ್ಟ ಎನ್ನಬಹುದು. ಕಷ್ಟವಿರುವುದು ಎಣಿಕೆ ಎಲ್ಲಿ ಆರಂಭ, ಎಲ್ಲಿ ನಿಲುಗಡೆ ಎಂಬುದರಲ್ಲಿ.

ಸಾಮಾನ್ಯವಾಗಿ ಎಣಿಕೆ ಶುರುವಾಗುವುದು ಶಿಕ್ಷೆ ‘ಅಂತಿಮ’ವಾದ ದಿನದಿಂದ. ರಾಜ್ಯದ ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೆ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿಗೆ ಹೋಗಲು 90 ದಿನಗಳಿರುತ್ತವೆ. ಹೋಗದಿದ್ದರೆ ಆ 90 ದಿನ ಮುಗಿದಾಗ ಶಿಕ್ಷೆ ಅಂತಿಮ. ರಾಜ್ಯದ ಸುಪ್ರೀಂ ಕೋರ್ಟಿಗೇ ಹೋಗದವನಿಗೆ ಆ 90 ದಿನಗಳೂ ಇಲ್ಲ. ಇನ್ನು ಮೂರು ವಿಶೇಷ ಸಂದರ್ಭಗಳಿವೆ: ಸರಕಾರವೇ ಅರ್ಜಿಗೆ ಅಕ್ರಮ ಅಡ್ಡಿ ಮಾಡಿದ್ದರೆ ಅದು ನಿವಾರಣೆಯಾದ ದಿನದಿಂದ, ಸುಪ್ರೀಂ ಕೋರ್ಟ್ ಹೊಸ ಹಕ್ಕೊಂದನ್ನು ಮಾನ್ಯ ಮಾಡಿ, ಅದು ಹಿಂದಿನ ಪ್ರಕರಣಗಳಿಗೂ ಅನ್ವಯಿಸುವಂತಿದ್ದರೆ ಹಾಗೆ ಮಾನ್ಯ ಮಾಡಿದ ದಿನದಿಂದ, ಹೊಸ ಸಂಗತಿ ಬೆಳಕಿಗೆ ಬಂದರೆ, ತಕ್ಕ ಶ್ರದ್ಧೆ ವಹಿಸಿದ್ದರೆ ಅದು ತಿಳಿಯಬಹುದಾಗಿದ್ದ ದಿನದಿಂದ.

ಉದಾಹರಣೆಗೆ ಒಬ್ಬ ಕೈದಿಯನ್ನು ಕಲ್ಪಿಸಿಕೊಳ್ಳಿ. ಶಿಕ್ಷೆ ಅಂತಿಮವಾಗಿ 200 ದಿನ ಕಳೆದ ಮೇಲೆ ಅವನು ರಾಜ್ಯದ ನ್ಯಾಯಾಲಯದಲ್ಲಿ ಪುನರ್ವಿಮರ್ಶೆಯ ಅರ್ಜಿ ಹಾಕುತ್ತಾನೆ. ಅದು ಅಲ್ಲಿ ಮೂರು ವರ್ಷ ಕೊಳೆಯುತ್ತದೆ. ಆ ಮೂರು ವರ್ಷ ಲೆಕ್ಕಕ್ಕಿಲ್ಲ, ದಿನಗಣನೆ ನಿಂತಿರುತ್ತದೆ. ಅರ್ಜಿ ವಜಾ ಆದ ಮೇಲೆ ಅವನ ಕೈಯಲ್ಲಿ ಉಳಿಯುವುದು 165 ದಿನ. ಇಷ್ಟರಮಟ್ಟಿಗೆ ಸರಳ. ಆದರೆ ರಾಜ್ಯದ ಅರ್ಜಿಯೇ ರಾಜ್ಯದ ಗಡುವು ಮೀರಿ ಬಂದದ್ದು ಎಂದು ಕೊನೆಗೆ ತೀರ್ಮಾನವಾದರೆ, 2005ರ ತೀರ್ಪಿನ ಪ್ರಕಾರ ದಿನಗಣನೆ ನಿಂತೇ ಇರಲಿಲ್ಲ! ಅಂದರೆ ಆ ಮೂರು ವರ್ಷ ಒಳಗೊಳಗೇ ಅವನ ವರ್ಷವನ್ನು ತಿಂದುಹಾಕಿರುತ್ತವೆ. ಫೆಡರಲ್ ನ್ಯಾಯಾಲಯದಲ್ಲಿ ಮೊದಲೇ ಅರ್ಜಿ ಹಾಕಿದ್ದರೆ, ಅದು ಬಾಕಿಯಿರುವ ಕಾಲ ಲೆಕ್ಕಕ್ಕೆ ಸೇರುತ್ತದೆ ಎಂದು 2001ರ ತೀರ್ಪು. ರಾಜ್ಯದ ಪುನರ್ವಿಮರ್ಶೆ ಮುಗಿದ ಮೇಲೆ ವಾಷಿಂಗ್ಟನ್ನಿಗೆ ಹೋದರೆ ಆ ಕಾಲವೂ ಸೇರುತ್ತದೆ ಎಂದು 2007ರ ತೀರ್ಪು.

ಸರಕಾರದ ವಕೀಲರಿಗೂ ಈ ಲೆಕ್ಕ ತಪ್ಪುತ್ತದೆ. ಫ್ಲಾರಿಡಾದ ಒಂದು ಪ್ರಕರಣದಲ್ಲಿ ಕೈದಿ ಬಳಸಿದ್ದು 352 ದಿನ, ಅರ್ಜಿ ಸಕಾಲಿಕ ಎಂದು ರಾಜ್ಯ ಸರಕಾರವೇ ಒಪ್ಪಿಕೊಂಡಿತ್ತು. ನ್ಯಾಯಾಲಯದ ಅಧಿಕಾರಿ ಮತ್ತೆ ಎಣಿಸಿ ನೋಡಿದಾಗ 388 ದಿನವಾಗಿತ್ತು. ಸರಕಾರದ ಲೆಕ್ಕದ ತಪ್ಪನ್ನು ನ್ಯಾಯಾಲಯ ತಾನಾಗಿಯೇ ತಿದ್ದಿ ಅರ್ಜಿಯನ್ನು ವಜಾ ಮಾಡಬಹುದೆಂದು 2006ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಹೇಳಿತು. ಸರಕಾರದ ತಪ್ಪನ್ನು ತಿದ್ದಲು ಅವಕಾಶ ಸಿಕ್ಕಿತು. ಆದರೆ ಕೈದಿಯ ವಕೀಲ ಲೆಕ್ಕ ತಪ್ಪಿದರೆ ಆ ಕಾರಣ ಸಾಲದೆಂದು ಮರುವರ್ಷದ ತೀರ್ಪು ಸಾರಿತು.

ವಕೀಲನ ಮೌನ, ಕೈದಿಯ ಪತ್ರ

ಹಾಗಾದರೆ ಎಷ್ಟೇ ಅನ್ಯಾಯವಾದರೂ ವಿನಾಯಿತಿಯೇ ಇಲ್ಲವೇ? ಈ ಪ್ರಶ್ನೆಗೆ ಉತ್ತರ ತಂದುಕೊಟ್ಟದ್ದು ಫ್ಲಾರಿಡಾದ ಆಲ್ಬರ್ಟ್ ಹಾಲೆಂಡ್ ಎಂಬ ಕೈದಿ. ಪೊಲೀಸ್ ಅಧಿಕಾರಿಯೊಬ್ಬರ ಕೊಲೆಗಾಗಿ ಅವನಿಗೆ ಮರಣದಂಡನೆಯಾಗಿತ್ತು. ಶಿಕ್ಷೆ ಅಂತಿಮವಾದದ್ದು 2001ರ ಅಕ್ಟೋಬರ್ 1ರಂದು. ಸರಕಾರ ನೇಮಿಸಿದ ವಕೀಲ ರಾಜ್ಯದ ಅರ್ಜಿ ಹಾಕಿದ್ದು ಮರುವರ್ಷ ಸೆಪ್ಟೆಂಬರ್ 19ರಂದು. ಆಗ ಉಳಿದಿದ್ದುದು ಹನ್ನೆರಡೇ ದಿನ. ಹಾಲೆಂಡ್ ಸೆರೆಮನೆಯಿಂದ ಮತ್ತೆ ಮತ್ತೆ ಪತ್ರ ಬರೆದ: ನನ್ನ ಫೆಡರಲ್ ಅರ್ಜಿಯ ಗಡುವು ತಪ್ಪದಂತೆ ನೋಡಿಕೊಳ್ಳಿ. ಗಡುವಿನ ನಿಯಮವೇನೆಂಬುದನ್ನು ವಕೀಲನಿಗಿಂತ ಅವನೇ ಸರಿಯಾಗಿ ಓದಿಕೊಂಡಿದ್ದ. ಉತ್ತರಗಳು ಬರುವುದು ಅಪರೂಪವಾಯಿತು. ಈ ವಕೀಲನನ್ನು ಬದಲಿಸಿ ಎಂದು ನ್ಯಾಯಾಲಯವನ್ನು ಕೇಳಿಕೊಂಡರೆ, ವಕೀಲರಿರುವಾಗ ನೀನು ನೇರವಾಗಿ ಅರ್ಜಿ ಕೊಡುವಂತಿಲ್ಲ ಎಂದು ರಾಜ್ಯ ಸರಕಾರ ಆಕ್ಷೇಪಿಸಿತು.

ರಾಜ್ಯದ ಸುಪ್ರೀಂ ಕೋರ್ಟಿನ ತೀರ್ಪು 2005ರ ಡಿಸೆಂಬರ್ 1ರಂದು ಜಾರಿಯಾಯಿತು. ಹನ್ನೆರಡು ದಿನ ಕಳೆಯಿತು. ವಕೀಲ ಅವನಿಗೆ ತಿಳಿಸಲೇ ಇಲ್ಲ. 2006ರ ಜನವರಿ 18ರಂದು ಸೆರೆಮನೆಯ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ ಹಾಲೆಂಡ್‌ಗೆ ವಿಷಯ ತಾನಾಗಿ ಕಣ್ಣಿಗೆ ಬಿತ್ತು. ಗಡುವು ಮುಗಿದು ಐದು ವಾರವಾಗಿತ್ತು. ಕೂಡಲೇ ಕುಳಿತು ತಾನೇ ಅರ್ಜಿ ಬರೆದು ಮಾರನೆಯ ದಿನ ಅಂಚೆಗೆ ಹಾಕಿದ.

2010ರಲ್ಲಿ ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ತೀರ್ಪಿತ್ತಿತು: ಕೈದಿ ತನ್ನ ಹಕ್ಕಿಗಾಗಿ ಶ್ರದ್ಧೆಯಿಂದ ಪ್ರಯತ್ನಿಸಿದ್ದರೆ ಮತ್ತು ಅಸಾಧಾರಣ ಸನ್ನಿವೇಶವೊಂದು ಅವನನ್ನು ತಡೆದಿದ್ದರೆ ಗಡುವನ್ನು ಸಡಿಲಿಸಬಹುದು. ವಕೀಲನ ಸಾಧಾರಣ ಅಜಾಗರೂಕತೆ ಸಾಲದು. ಕೈಬಿಟ್ಟಂಥ ಘೋರ ನಿರ್ಲಕ್ಷ್ಯ ಇರಬೇಕು. ಹಾಲೆಂಡ್‌ನ ಪ್ರಕರಣವನ್ನು ಈ ದೃಷ್ಟಿಯಿಂದ ಪರಿಶೀಲಿಸಲು ಕೆಳಗಿನ ನ್ಯಾಯಾಲಯಕ್ಕೆ ಮರಳಿಸಲಾಯಿತು. ಬಾಗಿಲು ತುಸು ತೆರೆಯಿತು ನಿಜ. ಆದರೆ ಹಾಲೆಂಡ್‌ನಂತೆ ಕಾನೂನು ಓದಿ, ಪತ್ರ ಬರೆದು, ಅದರ ದಾಖಲೆ ಇಟ್ಟುಕೊಳ್ಳಬಲ್ಲ ಕೈದಿಗಳು ಎಷ್ಟು ಮಂದಿ? ರಾಜ್ಯದ ಪುನರ್ವಿಮರ್ಶೆಯ ಹಂತದಲ್ಲಿ ಸರಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವುದು ಸಂವಿಧಾನದತ್ತ ಹಕ್ಕಲ್ಲವೆಂದು ಎಂಬತ್ತರ ದಶಕದಲ್ಲೇ ತೀರ್ಮಾನವಾಗಿದೆ. ಕೈದಿಯ ಪರವಾಗಿರುವ ಸಣ್ಣ ಸೌಲಭ್ಯವೊಂದಿದೆ: ವಕೀಲರಿಲ್ಲದ ಕೈದಿ ತನ್ನ ಕಾಗದವನ್ನು ಸೆರೆಮನೆಯ ಅಧಿಕಾರಿಯ ಕೈಗೆ ಅಂಚೆಗಾಗಿ ಕೊಟ್ಟ ದಿನವೇ ಅದು ಸಲ್ಲಿಕೆಯಾದಂತೆ. 1988ರ ಈ ನಿಯಮ ಅದೆಷ್ಟೋ ಅರ್ಜಿಗಳನ್ನು ಉಳಿಸಿದೆ. ಆದರೂ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರಣದಂಡನೆಯಲ್ಲದ ಪ್ರಕರಣಗಳಲ್ಲಿ ಸುಮಾರು ಐದರಲ್ಲಿ ಒಂದು ಅರ್ಜಿ ಗಡುವು ಮೀರಿದ ಕಾರಣಕ್ಕೆ ಬಿದ್ದುಹೋಗುತ್ತಿತ್ತು. ಪರಿಹಾರ ಸಿಗುತ್ತಿದ್ದುದು ನೂರಕ್ಕೆ ಒಂದಕ್ಕೂ ಇಲ್ಲ.

ನಿರಪರಾಧಿಯಾಗಿದ್ದರೆ?

ಕಠಿಣವಾದ ಪ್ರಶ್ನೆ ಇದು. ಗಡುವು ಮೀರಿ ಬಂದವನು ನಿಜಕ್ಕೂ ನಿರಪರಾಧಿಯಾಗಿದ್ದರೆ? 2013ರಲ್ಲಿ ಮಿಶಿಗನ್ನಿನ ಫ್ಲಾಯ್ಡ್ ಪರ್ಕಿನ್ಸ್ ಎಂಬ ಕೈದಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು. ಶಿಕ್ಷೆ ಅಂತಿಮವಾಗಿ ಹನ್ನೊಂದು ವರ್ಷವಾದ ಮೇಲೆ ಬಂದ ಅರ್ಜಿ ಅದು. ಹೊಸ ಸಾಕ್ಷ್ಯವನ್ನು ನೋಡಿದ ವಿವೇಕವುಳ್ಳ ಯಾವ ಜ್ಯೂರಿಯೂ ಇವನನ್ನು ತಪ್ಪಿತಸ್ಥನೆಂದು ಹೇಳುವ ಸಂಭವವಿಲ್ಲ ಎಂಬಷ್ಟು ಬಲವಾದ ಆಧಾರವಿದ್ದರೆ ಗಡುವು ಅಡ್ಡ ಬರದು ಎಂದು ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಬರೆದರು. ಇಲ್ಲಿಯೂ ಬಹುಮತ 5-4. ಒಬ್ಬ ನ್ಯಾಯಮೂರ್ತಿಯ ಮನಸ್ಸು ಬೇರೆಯಾಗಿದ್ದರೆ, ನಿರಪರಾಧಿಗೂ ಗಡುವೇ ಕೊನೆಯ ಮಾತಾಗುತ್ತಿತ್ತು.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ವರ್ಜೀನಿಯಾದ ರೋಜರ್ ಕೋಲ್ಮನ್ ಎಂಬಾತ ಕೊಲೆಗಾಗಿ ಮರಣದಂಡನೆಗೆ ಗುರಿಯಾಗಿದ್ದ. ತಾನು ನಿರಪರಾಧಿಯೆಂದು ಕೊನೆಯವರೆಗೂ ಹೇಳುತ್ತಿದ್ದ. ಅವನ ವಕೀಲರು ರಾಜ್ಯದ ನ್ಯಾಯಾಲಯದಲ್ಲಿ ಮೇಲ್ಮನವಿಯ ನೋಟಿಸನ್ನು ಮೂರು ದಿನ ತಡವಾಗಿ ಸಲ್ಲಿಸಿದರು. ಆ ಮೂರು ದಿನಗಳ ಕಾರಣಕ್ಕೆ ಫೆಡರಲ್ ನ್ಯಾಯಾಲಯಗಳು ಅವನ ದೂರನ್ನು ಕೇಳುವಂತಿಲ್ಲವೆಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1992ರಲ್ಲಿ ಅವನನ್ನು ಕೊಲ್ಲಲಾಯಿತು. ನಿರಪರಾಧಿಯೊಬ್ಬ ಮೂರು ದಿನಗಳಿಗಾಗಿ ಸತ್ತನೆಂದು ಅನೇಕರು ನಂಬಿದ್ದರು. 2006ರಲ್ಲಿ ಗವರ್ನರ್ ಆದೇಶದಂತೆ ನಡೆದ ಡಿಎನ್‌ಎ ಪರೀಕ್ಷೆ ಅವನೇ ಅಪರಾಧಿಯೆಂದು ಖಚಿತಪಡಿಸಿತು.

ಹಾಗಾದರೆ ಗಡುವಿನ ಪರವಾಗಿದ್ದವರು ಗೆದ್ದರೇ? ಹಾಗೆನ್ನಲಾಗದು. ಗಡುವನ್ನು ಎತ್ತಿಹಿಡಿದ ದಿನ ನ್ಯಾಯಾಲಯಕ್ಕೆ ಈ ಸತ್ಯ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಟ್ಟದ್ದು ಗಡುವಲ್ಲ, ಹದಿನಾಲ್ಕು ವರ್ಷಗಳ ಮೇಲೆ ನಡೆದ ಪರೀಕ್ಷೆ. ತಡವಾಗಿಯಾದರೂ ನೋಡಿದ್ದರಿಂದ ಅನುಮಾನ ತೀರಿತು. ಕ್ಯಾಲೆಂಡರಿಗೆ ತಪ್ಪಿತಸ್ಥ ಯಾರು, ನಿರಪರಾಧಿ ಯಾರು ಎಂಬುದು ಕಾಣುವುದಿಲ್ಲ.

ನಮ್ಮ ವ್ಯವಸ್ಥೆ ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. ಶಿಕ್ಷೆಯಾದವನಿಗೆ ಇಲ್ಲಿ ಮುಖ್ಯ ದಾರಿ ಮೇಲ್ಮನವಿಯೇ. ಅದಕ್ಕೂ ಗಡುವಿದೆ, ಹೈಕೋರ್ಟಿಗೆ ಸಾಮಾನ್ಯವಾಗಿ 60 ದಿನ, ಮರಣದಂಡನೆಯಾದರೆ 30 ದಿನ. ಆದರೆ 1963ರ ಕಾಲಮಿತಿ ಕಾಯಿದೆಯ 5ನೇ ಕಲಮಿನ ಪ್ರಕಾರ ತಕ್ಕ ಕಾರಣ ತೋರಿಸಿದರೆ ವಿಳಂಬವನ್ನು ನ್ಯಾಯಾಲಯ ಮನ್ನಿಸಬಹುದು. ಸೆರೆಮನೆಯಲ್ಲಿರುವವನು ಜೈಲಿನ ಅಧಿಕಾರಿಯ ಮೂಲಕವೇ ಮೇಲ್ಮನವಿ ಕಳಿಸುವ ಏರ್ಪಾಡೂ ಇದೆ. ಇದರಿಂದ ನಾವು ಬೀಗಬೇಕಾಗಿಲ್ಲ. ಅಲ್ಲಿ ಕೈದಿ ತಡವಾದರೆ ಬಾಗಿಲು ಮುಚ್ಚುತ್ತದೆ. ಇಲ್ಲಿ ಬಾಗಿಲು ತೆರೆದಿದ್ದರೂ ವಿಚಾರಣೆಗೇ ವರ್ಷಗಟ್ಟಲೆ ಕಾಯುತ್ತ ಜೈಲಿನಲ್ಲಿ ಕೊಳೆಯುವವರಿದ್ದಾರೆ.

ಮೊಕದ್ದಮೆಗೊಂದು ಕೊನೆ ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಗಡುವು ಹಾಕುವವರು ಆ ಗಡುವನ್ನು ಪಾಲಿಸುವ ಶಕ್ತಿಯನ್ನೂ ಕೊಡಬೇಕು ಎಂಬುದಷ್ಟೇ ವಾದ. ಪೊವೆಲ್ ಸಮಿತಿ ಗಡುವಿನ ಜೊತೆಗೆ ವಕೀಲರನ್ನೂ ಸೂಚಿಸಿತ್ತು. 1996ರ ಕಾಯಿದೆ ಆ ಕೊಡುಕೊಳ್ಳುವಿಕೆಯನ್ನು ಮರಣದಂಡನೆಯ ಪ್ರಕರಣಗಳ ಒಂದು ಪ್ರತ್ಯೇಕ ಭಾಗಕ್ಕೆ ಸೀಮಿತಗೊಳಿಸಿತು. ಸಾಮಾನ್ಯ ಕೈದಿಗೆ ಸಿಕ್ಕಿದ್ದು ಗಡುವು ಮಾತ್ರ. ಬೀಗದ ಆಚೆಗಿರುವವನಿಗೆ ದಿನಗಳನ್ನು ಎಣಿಸಲು ಹೇಳಿ, ಕ್ಯಾಲೆಂಡರನ್ನು ಈಚೆಗೆ ತೂಗುಹಾಕಿದಂತೆ ಆಯಿತು ಅದು.